ಮೂವತ್ತು ದಿನ, ಮೂರು ಕೋಟಿ ಡಾಲರ್, ಕೊನೆಗೆ ಕೈಯಲ್ಲಿ ಸೊನ್ನೆ

ಹಳೆಯ ಹಾಸ್ಯಚಿತ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ, ಅನಿರೀಕ್ಷಿತವಾಗಿ ಕೈಸೇರುವ ಹಣದ ಕಥೆಗಳಲ್ಲಿ 1985ರ ಅಮೆರಿಕನ್ ಚಿತ್ರ ‘ಬ್ರೂಸ್ಟರ್ಸ್ ಮಿಲಿಯನ್ಸ್’ ನಮಗೆ ಅಚ್ಚುಮೆಚ್ಚಿನದೆಂದು ಒಂದು ಸಾಲು ಬರೆದಿದ್ದೆವು. ಉಳಿದ ಲೇಖನಕ್ಕಿಂತ ಆ ಒಂದು ಸಾಲಿಗೇ ಹೆಚ್ಚು ಪತ್ರಗಳು ಬಂದಿರುವುದರಿಂದ ಈ ಸಲದ ಅಂಕಣವನ್ನು ಆ ಚಿತ್ರಕ್ಕೇ ಬಿಟ್ಟುಕೊಟ್ಟಿದ್ದೇವೆ. ಉತ್ತರಗಳಲ್ಲಿ ಚಿತ್ರದ ಅಂತ್ಯವೂ ಬರುತ್ತದೆ. ಅದನ್ನು ಮೊದಲೇ ತಿಳಿಯಬಯಸದವರು ಚಿತ್ರ ನೋಡಿದ ಮೇಲೆ ಓದುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಮನೆಯಲ್ಲಿ ಯಾರೂ ಈ ಚಿತ್ರವನ್ನು ನೋಡಿಲ್ಲ. ಹಣ ಬರುವುದು ಸಂತೋಷ, ಖರ್ಚು ಮಾಡುವುದು ಇನ್ನೂ ಸಂತೋಷ. ಇದರಲ್ಲಿ ಕಥೆಯಾಗುವಂಥ ಕಷ್ಟವೇನಿದೆ? (ಹಾಸನ)

ಉತ್ತರ: ಕಷ್ಟವೆಲ್ಲ ಇರುವುದು ಉಯಿಲಿನ ಷರತ್ತುಗಳಲ್ಲಿ. ಮಾಂಟ್ಗೊಮೆರಿ ಬ್ರೂಸ್ಟರ್ ಎಂಬಾತ ನ್ಯೂಜೆರ್ಸಿಯ ‘ಹ್ಯಾಕೆನ್‌ಸ್ಯಾಕ್ ಬುಲ್ಸ್’ ಎಂಬ ಕೆಳದರ್ಜೆಯ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವವನು. ವಯಸ್ಸು ಮೀರುತ್ತಿದ್ದರೂ ದೊಡ್ಡ ತಂಡದಿಂದ ಕರೆ ಬಂದೀತೆಂಬ ಆಸೆಯನ್ನು ಬಿಟ್ಟವನಲ್ಲ. ಅವರ ಮೈದಾನದಲ್ಲೇ ರೈಲು ಹಳಿ ಹಾದುಹೋಗಿದೆ, ಗಾಡಿ ಬಂದಾಗ ಆಟ ನಿಲ್ಲಿಸಿ ಕಾಯಬೇಕು ಎಂದರೆ ಆ ತಂಡದ ಅಂತಸ್ತು ಎಂಥದ್ದೆಂದು ಊಹಿಸಬಹುದು. ಮದ್ಯದಂಗಡಿಯ ಜಗಳವೊಂದರಲ್ಲಿ ಗೆಳೆಯ ಸ್ಪೈಕ್ ನೋಲನ್ ಜೊತೆ ಸೆರೆಸಿಕ್ಕ ಬ್ರೂಸ್ಟರನನ್ನು ಅಪರಿಚಿತನೊಬ್ಬ ಜಾಮೀನು ಕೊಟ್ಟು ಬಿಡಿಸಿ ನ್ಯೂಯಾರ್ಕಿನ ವಕೀಲರ ಕಚೇರಿಗೆ ಕರೆದೊಯ್ಯುತ್ತಾನೆ. ಅವನು ಹುಟ್ಟಿದಂದಿನಿಂದ ಕಣ್ಣಿಂದ ಕಾಣದ, ಅಜ್ಜನ ವರಸೆಯ ರೂಪರ್ಟ್ ಹಾರ್ನ್ ಎಂಬ ಸಿರಿವಂತ, ತಾನು ಸತ್ತ ಮೇಲೆ ತೋರಿಸಬೇಕೆಂದು ಚಿತ್ರೀಕರಿಸಿಟ್ಟಿದ್ದ ಉಯಿಲಿನ ಮೂಲಕ ಅಲ್ಲಿ ಅವನೊಡನೆ ಮಾತಾಡುತ್ತಾನೆ.

ಷರತ್ತು ಹೀಗಿದೆ: ಬ್ರೂಸ್ಟರ್ 30 ದಿನಗಳಲ್ಲಿ 3 ಕೋಟಿ ಡಾಲರನ್ನು ಪೂರ್ತಿ ಖರ್ಚು ಮಾಡಬೇಕು; ಗೆದ್ದರೆ 30 ಕೋಟಿ ಡಾಲರ್ ಅವನದಾಗುತ್ತದೆ, ಒಂದು ಡಾಲರ್ ಉಳಿದರೂ ಏನೂ ಸಿಗದು. ಗಡುವು ಮುಗಿಯುವ ಹೊತ್ತಿಗೆ ಅವನ ಹೆಸರಿನಲ್ಲಿ ಯಾವ ಆಸ್ತಿಯೂ ಇರಬಾರದು. ದಾನಕ್ಕೆ ಶೇಕಡಾ 5, ಜೂಜಿಗೆ ಶೇಕಡಾ 5 ಮಾತ್ರ ಮಿತಿ. ದುಡ್ಡು ಕೊಟ್ಟಲ್ಲಿ ಅದಕ್ಕೆ ತಕ್ಕ ಕೆಲಸ ಪಡೆಯಬೇಕು, ಬೆಲೆಬಾಳುವ ವಸ್ತುವನ್ನು ಕೊಂಡು ಹಾಳುಮಾಡಬಾರದು, ಕೊಂಡು ಯಾರಿಗೋ ಉಡುಗೊರೆ ಕೊಡಲೂಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಹೀಗೇಕೆ ಖರ್ಚು ಮಾಡುತ್ತಿದ್ದೇನೆಂದು ಯಾರೊಬ್ಬರಿಗೂ ಹೇಳಬಾರದು. ಈ ಪೀಕಲಾಟವೇ ಬೇಡವೆಂದರೆ 10 ಲಕ್ಷ ಡಾಲರ್ ತೆಗೆದುಕೊಂಡು ಮನೆಗೆ ಹೋಗುವ ದಾರಿಯೂ ತೆರೆದಿದೆ.

ಲೆಕ್ಕ ಹಾಕಿದರೆ ದಿನಕ್ಕೆ 10 ಲಕ್ಷ ಡಾಲರ್, ಗಂಟೆಗೆ 41,000 ಡಾಲರಿಗೂ ಮಿಕ್ಕಿ. ಎಂಟು ಗಂಟೆ ನಿದ್ದೆ ಮಾಡಿದರೆ ಅಷ್ಟರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಡಾಲರ್ ಬಾಕಿ ಬೀಳುತ್ತದೆ. ಡಾಲರಿಗೆ ಸುಮಾರು 12 ರೂಪಾಯಿ ಇದ್ದ ಕಾಲದ ಮಾತಿದು.

ಪ್ರಶ್ನೆ: ಗೆಳೆಯರಿಗೆಲ್ಲ ತಲಾ ಹತ್ತು ಲಕ್ಷ ಡಾಲರ್ ಸಂಬಳವೆಂದು ಕೊಟ್ಟುಬಿಟ್ಟರೆ ಮೂವತ್ತು ಜನರಲ್ಲಿ ಲೆಕ್ಕ ಮುಗಿಯುವುದಿಲ್ಲವೇ? (ಮೈಸೂರು)

ಉತ್ತರ: ಬ್ರೂಸ್ಟರ್‌ಗೂ ಮೊದಲು ಹೊಳೆಯುವುದು ಇದೇ. ಕಂಡಕಂಡವರನ್ನು ವಿಪರೀತ ಸಂಬಳಕ್ಕೆ ನೇಮಿಸಿಕೊಳ್ಳುತ್ತಾನೆ. ಕೊಂಡರೆ ಆಸ್ತಿಯಾಗುವುದರಿಂದ ಎಲ್ಲವನ್ನೂ ಬಾಡಿಗೆಗೆ ಹಿಡಿಯುತ್ತಾನೆ. ಪ್ಲಾಜಾ ಹೋಟೆಲಿನಲ್ಲಿ ಬಿಡಾರ ಹೂಡುತ್ತಾನೆ. ಆದರೆ ಪ್ರತಿ ಪಾವತಿಗೂ ರಸೀದಿ ಬೇಕು, ಪ್ರತಿ ರಸೀದಿಯ ಹಿಂದೆ ಒಂದು ಕೆಲಸ ಬೇಕು. ವಕೀಲರ ಸಂಸ್ಥೆಯ ಏಂಜೆಲಾ ಡ್ರೇಕ್ ಎಂಬಾಕೆ ಲೆಕ್ಕವಿಡಲು ಅವನ ಹಿಂದೆಯೇ ಇರುತ್ತಾಳೆ. ಮೂವತ್ತು ಗೆಳೆಯರಿಗೆ ಸುಮ್ಮನೆ ಹಂಚಿದ ಹಣವನ್ನು ಆಕೆ ಸಂಬಳವೆಂದು ಬರೆದುಕೊಳ್ಳುವುದಿಲ್ಲ, ಉಡುಗೊರೆಯೆಂದು ಬರೆದುಕೊಳ್ಳುತ್ತಾಳೆ. ಅಲ್ಲಿಗೆ ಆಟ ಮುಗಿಯುತ್ತದೆ.

ಇನ್ನೊಂದು ತೊಡಕು ಹಣದ ಕಡೆಯಿಂದಲೇ ಬರುತ್ತದೆ. ಸೋಲಲೆಂದೇ ಕಟ್ಟಿದ ಬಾಜಿ ಗೆಲ್ಲುತ್ತದೆ. ಮಂಜುಗಡ್ಡೆಯ ಪರ್ವತವನ್ನು ಅರಬ್ ನಾಡಿಗೆ ಎಳೆದೊಯ್ಯುವ ಯೋಜನೆಯಲ್ಲಿ ಮುಳುಗಿಸಲು ಹೋದ ಹಣ ಬೆಳೆದು ಮರಳುತ್ತದೆ. ಗೆಳೆಯನ ಮೇಲಿನ ಅಕ್ಕರೆಯಿಂದ ಸ್ಪೈಕ್ ಮಾಡುವ ಒಳ್ಳೆಯ ಹೂಡಿಕೆಗಳು ಲಾಭ ತಂದು ಬ್ರೂಸ್ಟರನ ಹೊಟ್ಟೆಯಲ್ಲಿ ಕಿಚ್ಚಿಡುತ್ತವೆ. ಶುಭಸಮಾಚಾರ ತಂದವನ ಮುಂದೆ ಮುಖ ಬಾಡಿಸಿಕೊಂಡು ನಿಲ್ಲುವ ನಾಯಕ ಎಲ್ಲ ಭಾಷೆಯ ಪ್ರೇಕ್ಷಕರಿಗೂ ನಗು ತರಿಸುತ್ತಾನೆ. ಹಳ್ಳಿಯಲ್ಲಾಗಲಿ, ಪಟ್ಟಣದಲ್ಲಾಗಲಿ, ಹಣ ಬಂದುದಕ್ಕೆ ಮರುಗಿದವನನ್ನು ನಾವಾರೂ ಕಂಡಿಲ್ಲ.

ಪ್ರಶ್ನೆ: ಯಾರಿಗೂ ಹೇಳಬಾರದು ಎಂಬ ಷರತ್ತು ಏಕೆ ಬೇಕಿತ್ತು? ಹೇಳಿದ್ದರೆ ನಷ್ಟವೇನು? ಕಥೆಯನ್ನು ಬಲವಂತವಾಗಿ ಹಿಗ್ಗಿಸಲು ತಂದದ್ದೆಂದು ನನಗೆ ಅನಿಸಿತು. (ಧಾರವಾಡ)

ಉತ್ತರ: ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಈ ಒಂದು ಷರತ್ತನ್ನು ತೆಗೆದುಬಿಟ್ಟರೆ ಉಳಿಯುವುದು ಹಣ ಪೋಲುಮಾಡುವ ಪಂದ್ಯ ಮಾತ್ರ. ಹದಿನೈದು ನಿಮಿಷದಲ್ಲಿ ಬೇಸರ ಬರುತ್ತದೆ. ಷರತ್ತು ಇರುವುದರಿಂದ ಬ್ರೂಸ್ಟರನ ಸುತ್ತ ಇರುವ ಪ್ರತಿಯೊಬ್ಬರೂ, ಅವನ ಮೇಲೆ ಪ್ರೀತಿಯಿರುವವರೇ ಮೊದಲಾಗಿ, ಅವನಿಗೆ ಎದುರಾಳಿಗಳಾಗುತ್ತಾರೆ. ಒಳ್ಳೆಯ ಗೆಳೆಯ ಹಣ ಉಳಿಸಲು ನೋಡುತ್ತಾನೆ. ಲೆಕ್ಕವಿಡುವ ಹೆಣ್ಣುಮಗಳು ಈ ದುಂದನ್ನು ಕಂಡು ಅಸಹ್ಯಪಡುತ್ತಾಳೆ, ಬಡವರ ಪಾಲಿಗೆ ಈ ಹಣ ಏನಾಗಬಹುದಿತ್ತೆಂದು ಅವನನ್ನು ಚುಚ್ಚುತ್ತಾಳೆ. ಅವಳು ಹೇಳುವುದೆಲ್ಲ ನಿಜವೆಂದು ಗೊತ್ತಿದ್ದೂ ಅವನು ಬಾಯಿಮುಚ್ಚಿಕೊಂಡು ಇನ್ನಷ್ಟು ಸುರಿಯಬೇಕು.

ದುಂದುಗಾರನನ್ನು ತಿದ್ದಲು ಹಿತೈಷಿಗಳು ಹೊರಡುವ ಕಥೆ ನಮಗೆ ಹೊಸದಲ್ಲ, ಪುಣ್ಯಕಥೆಗಳಿಂದ ಹಿಡಿದು ಕಂಪನಿ ನಾಟಕಗಳವರೆಗೆ ಅದನ್ನು ಕಂಡಿದ್ದೇವೆ. ಇಲ್ಲಿ ಹಿತೈಷಿಗಳ ಬುದ್ಧಿಮಾತೇ ನಾಯಕನಿಗೆ ಅಪಾಯವಾಗಿದೆ. ಪ್ರೇಕ್ಷಕರಾದ ನಮಗೆ ಮಾತ್ರ ಗುಟ್ಟು ತಿಳಿದಿರುವುದರಿಂದ ನಾವು ದುಂದಿನ ಪರ ವಹಿಸಿ ಕೂರುತ್ತೇವೆ. ಮನೆಯಲ್ಲಿ ಒಂದೊಂದು ರೂಪಾಯಿಗೂ ಲೆಕ್ಕ ಕೇಳುವ ಹಿರಿಯರು ಕೂಡ, ಈ ಎರಡು ಗಂಟೆಯ ಮಟ್ಟಿಗೆ, ‘ಅಯ್ಯೋ ಮತ್ತೆ ಲಾಭ ಬಂತಲ್ಲ’ ಎಂದು ಕೈಹಿಸುಕಿಕೊಳ್ಳುವುದನ್ನು ನೋಡಬೇಕು. ಮೂರು ತಲೆಮಾರು ಒಟ್ಟಿಗೆ ಕೂತು ನೋಡಲು ಈ ಚಿತ್ರ ಒದಗಿಬರುವುದು ಈ ಕಾರಣಕ್ಕೇ ಎಂದು ನಮ್ಮ ತಿಳಿವಳಿಕೆ.

ಪ್ರಶ್ನೆ: ಅಂಚೆಚೀಟಿಯ ಪ್ರಸಂಗ ನನ್ನ ಮಗನಿಗೆ ಅರ್ಥವಾಗಲಿಲ್ಲ, ವಿವರಿಸಲು ಹೋಗಿ ನನಗೂ ಗೊಂದಲವಾಯಿತು. ಅದು ನಿಜವಾದ ಅಂಚೆಚೀಟಿಯೇ? (ಉಡುಪಿ)

ಉತ್ತರ: ನಿಜವಾದದ್ದೇ. 1918ರಲ್ಲಿ ಅಮೆರಿಕದ ಅಂಚೆ ಇಲಾಖೆ ವಿಮಾನ ಅಂಚೆಗಾಗಿ 24 ಸೆಂಟಿನ ಚೀಟಿಯನ್ನು ಎರಡು ಬಣ್ಣಗಳಲ್ಲಿ ಅಚ್ಚು ಹಾಕಿತು. ಒಂದೊಂದು ಬಣ್ಣಕ್ಕೂ ಹಾಳೆಯನ್ನು ಬೇರೆಬೇರೆಯಾಗಿ ಯಂತ್ರಕ್ಕೆ ಕೊಡಬೇಕಾಗಿದ್ದುದರಿಂದ ಒಂದು ಹಾಳೆ ತಿರುಗುಮುರುಗಾಗಿ, ನಡುವಿನ ‘ಜೆನ್ನಿ’ ವಿಮಾನ ತಲೆಕೆಳಗಾಗಿ ಅಚ್ಚಾಯಿತು. ಹಾಗೆ ಸಾರ್ವಜನಿಕರ ಕೈಗೆ ಬಂದದ್ದು 100 ಚೀಟಿಗಳ ಒಂದೇ ಹಾಳೆ. ಅದನ್ನು ವಾಷಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ 24 ಡಾಲರ್ ಕೊಟ್ಟು ಕೊಂಡವರು ವಿಲಿಯಂ ರೋಬಿ. ಈಚೆಗೆ, 2023ರಲ್ಲಿ, ಅದರ ಒಂದೇ ಚೀಟಿ ಹರಾಜಿನಲ್ಲಿ 20 ಲಕ್ಷ ಡಾಲರ್ ದಾಟಿತು.

ಚಿತ್ರದಲ್ಲಿ ಬ್ರೂಸ್ಟರ್ ಈ ಚೀಟಿಯನ್ನು 12.5 ಲಕ್ಷ ಡಾಲರಿಗೆ ಕೊಳ್ಳುತ್ತಾನೆ. ಇಟ್ಟುಕೊಂಡರೆ ಆಸ್ತಿ, ಹರಿದರೆ ಷರತ್ತಿನ ಭಂಗ. ಅವನು ಅದನ್ನು ಕಾರ್ಡಿಗೆ ಅಂಟಿಸಿ ಅದೇ ವಕೀಲರಿಗೆ ಅಂಚೆಯಲ್ಲಿ ಕಳುಹಿಸಿಬಿಡುತ್ತಾನೆ. ಚೀಟಿ ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸಕ್ಕೆ ಬಳಕೆಯಾಯಿತು. ಹಾಳುಮಾಡಿದೆ ಎಂದು ಯಾರೂ ಹೇಳುವಂತಿಲ್ಲ. ಅಮೆರಿಕದಲ್ಲಿ 1861ರಿಂದ ಈಚಿನ ಅಂಚೆಚೀಟಿಗಳು ಇಂದಿಗೂ ಚಲಾವಣೆಯಲ್ಲಿರುವುದರಿಂದ ಮತ್ತು 1985ರಲ್ಲಿ ಕಾರ್ಡಿನ ದರ 14 ಸೆಂಟ್ ಇದ್ದುದರಿಂದ, 24 ಸೆಂಟಿನ ಆ ಚೀಟಿ ಅಂಚೆಯವರ ಲೆಕ್ಕದಲ್ಲೂ ಸರಿಯಾಗಿಯೇ ಇದೆ.

ತಕರಾರು ತೆಗೆಯುವವರಿಗೆ ಒಂದು ಎಳೆ ಮಾತ್ರ ಉಳಿಯುತ್ತದೆ. ಮುದ್ರೆ ಬಿದ್ದ ಮೇಲೂ ಅಂಥ ಚೀಟಿಗೆ ಬೆಲೆ ಇದ್ದೇ ಇರುತ್ತದೆ. ಹಾಗಾದರೆ ಅದು ವಕೀಲರಿಗೆ ಕೊಟ್ಟ ಉಡುಗೊರೆಯಾಗಲಿಲ್ಲವೇ? ಚಿತ್ರ ಈ ಪ್ರಶ್ನೆಯ ಬಳಿ ಸುಳಿಯುವುದಿಲ್ಲ. ನಿಮ್ಮ ಮಗ ಕೇಳಿದ್ದು ಇದನ್ನೇ ಆಗಿದ್ದರೆ ಅವನನ್ನು ಕಾನೂನು ಓದಿಸಬಹುದು.

ಪ್ರಶ್ನೆ: ಇದು ರಜನಿಕಾಂತ್ ಅವರ ‘ಅರುಣಾಚಲಂ’ ಚಿತ್ರದ ಕಥೆಯಲ್ಲವೇ? ಯಾರು ಯಾರಿಂದ ತೆಗೆದುಕೊಂಡರು? (ಬೆಂಗಳೂರು)

ಉತ್ತರ: ಈ ಪ್ರಶ್ನೆಯನ್ನು ಬೇರೆಬೇರೆ ಊರುಗಳಿಂದ ಹಲವರು ಕೇಳಿದ್ದಾರೆ. ‘ಅರುಣಾಚಲಂ’ 1997ರದು, ಹಾಲಿವುಡ್ ಚಿತ್ರ ಅದಕ್ಕಿಂತ 12 ವರ್ಷ ಹಳೆಯದು. ಆದರೆ ಹಾಲಿವುಡ್ಡಿನದೂ ಸ್ವಂತದ್ದಲ್ಲ. ಎಲ್ಲದರ ಬೇರು 1902ರಲ್ಲಿ ಪ್ರಕಟವಾದ ಅದೇ ಹೆಸರಿನ ಕಾದಂಬರಿ. ಬರೆದವರು ಜಾರ್ಜ್ ಬಾರ್ ಮೆಕಚನ್, ಮೊದಲು ಪ್ರಕಟವಾದದ್ದು ರಿಚರ್ಡ್ ಗ್ರೀವ್ಸ್ ಎಂಬ ಗುಪ್ತನಾಮದಲ್ಲಿ. 1906ರಲ್ಲಿ ಅದು ನಾಟಕವಾಯಿತು. 1914ರಲ್ಲಿ ಸೆಸಿಲ್ ಬಿ. ಡಿಮಿಲ್ ಮತ್ತು ಆಸ್ಕರ್ ಏಪ್ಫೆಲ್ ಅದನ್ನು ಮೂಕಿ ಚಿತ್ರವಾಗಿಸಿದರು, 1921ರಲ್ಲಿ ರಾಸ್ಕೊ ಆರ್ಬಕಲ್ ಬ್ರೂಸ್ಟರನಾದರು, 1926ರಲ್ಲಿ ನಾಯಕನ ಬದಲು ನಾಯಕಿಯನ್ನೇ ಇಟ್ಟು ಇನ್ನೊಂದು ಬಂತು. 1935ರ ಬ್ರಿಟಿಷ್ ಚಿತ್ರದಲ್ಲಿ ಜಾಕ್ ಬುಕ್ಯಾನನ್, 1945ರ ಅಮೆರಿಕನ್ ಚಿತ್ರದಲ್ಲಿ ಡೆನಿಸ್ ಒಕೀಫ್.

ಮೂಲ ಕಾದಂಬರಿಯ ಲೆಕ್ಕ ಬೇರೆ. ಅಜ್ಜನಿಂದ 10 ಲಕ್ಷ ಡಾಲರ್ ಬಂದಿರುತ್ತದೆ. ಆ ಅಜ್ಜನನ್ನು ಕಂಡರಾಗದ ಸೋದರಮಾವನೊಬ್ಬ, ಒಂದು ವರ್ಷದೊಳಗೆ ಅಜ್ಜನ ಹಣದ ಕೊನೆಯ ಪೈಸೆಯನ್ನೂ ಕಳೆದುಕೊಂಡು ಬರಿಗೈಯಲ್ಲಿ ನಿಂತರೆ ಮಾತ್ರ ತನ್ನ 70 ಲಕ್ಷ ಡಾಲರ್ ಕೊಡುವೆನೆನ್ನುತ್ತಾನೆ. ಷರತ್ತಿನ ಹಿಂದೆ ಇರುವುದು ಹಗೆತನ. 1985ರ ಚಿತ್ರ ಹಗೆಯನ್ನು ತೆಗೆದು ಅಲ್ಲಿ ಪಾಠವನ್ನು ಇಟ್ಟಿತು: ಬಾಲ್ಯದಲ್ಲಿ ಚುಟ್ಟಾ ಸೇದಿ ಸಿಕ್ಕಿಬಿದ್ದ ರೂಪರ್ಟ್ ಹಾರ್ನ್‌ನನ್ನು ಅವನ ತಂದೆ ಒಂದು ಪೆಟ್ಟಿಗೆ ಚುಟ್ಟಾದೊಡನೆ ಕೋಣೆಯೊಳಗೆ ಕೂಡಿಹಾಕಿ, ಮುಗಿಸುವ ತನಕ ಬಿಡಲಿಲ್ಲವಂತೆ, ಹಾಗೆಯೇ ಹಣವೆಂದರೆ ಬ್ರೂಸ್ಟರನಿಗೆ ವಾಕರಿಕೆ ಬರಲಿ ಎಂಬುದು ಮುದುಕನ ಎಣಿಕೆ. ನಮಗೆ ಹಳೆಯ ಕಾರಣವೇ ಹೆಚ್ಚು ನಂಬಲರ್ಹವೆನಿಸುತ್ತದೆ. ಸತ್ತ ಮೇಲೂ ಬೀಗರ ಮೇಲೆ ಸೇಡು ತೀರಿಸಿಕೊಳ್ಳಲು ಉಯಿಲು ಬರೆಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಪಾಠ ಕಲಿಸಲೆಂದು 30 ಕೋಟಿ ಡಾಲರ್ ಒಡ್ಡುವವರು ಅಪರೂಪ.

ನಮ್ಮ ದೇಶಕ್ಕೆ ಈ ಕಥೆ ರಜನಿಕಾಂತರಿಗಿಂತ ಬಹಳ ಮೊದಲೇ ಬಂದಿತ್ತು. 1954ರ ತೆಲುಗು ಚಿತ್ರ ‘ವದ್ದಂಟೆ ಡಬ್ಬು’ ಇದೇ ಕಥೆ, ನಾಯಕ ಎನ್. ಟಿ. ರಾಮರಾವ್, ನಿರ್ದೇಶಕ ವೈ. ಆರ್. ಸ್ವಾಮಿ. ಮುಂದೆ 1960ರಲ್ಲಿ ರಾಜ್‌ಕುಮಾರ್ ಅವರ ‘ಭಕ್ತ ಕನಕದಾಸ’ವನ್ನು ನಿರ್ದೇಶಿಸಿದ ಸ್ವಾಮಿಯವರು ಇವರೇ. ಹಣ ಬೇಡವೆಂದರೂ ಬೆನ್ನುಹತ್ತುವವನ ಕಥೆಯಿಂದ ಹಣವನ್ನು ತೊರೆದವನ ಕಥೆಗೆ ಬಂದರೆಂಬುದು ಕಾಕತಾಳೀಯವಷ್ಟೇ, ಆದರೂ ಹೇಳದೆ ಇರಲಾಗಲಿಲ್ಲ. 1985ರಲ್ಲಿ ಜಂಧ್ಯಾಲ ಅವರು ಬಾಲಕೃಷ್ಣ ನಾಯಕನಾಗಿದ್ದ ‘ಬಾಬಾಯ್ ಅಬ್ಬಾಯ್’ ಮಾಡಿದರು. 1988ರ ಹಿಂದಿ ‘ಮಾಲಾಮಾಲ್’ನಲ್ಲಿ ನಾಸಿರುದ್ದೀನ್ ಷಾ 30 ದಿನಗಳಲ್ಲಿ 30 ಕೋಟಿ ರೂಪಾಯಿ ಕರಗಿಸಿ 300 ಕೋಟಿ ಪಡೆಯಬೇಕು. ‘ಅರುಣಾಚಲಂ’ನಲ್ಲಿ ಖರ್ಚಿನ ಮೊತ್ತ ಅಷ್ಟೇ ಇದ್ದು ಬಹುಮಾನ 3,000 ಕೋಟಿಗೇರಿತು.

ತಮಿಳಿನಲ್ಲಿ ಮುಖ್ಯವಾದ ಬದಲಾವಣೆ ಮೊತ್ತದ್ದಲ್ಲ. ಅಲ್ಲಿ ಉಯಿಲು ಬರೆದವನು ಕಾಣದ ಬಂಧುವಲ್ಲ, ನಾಯಕನ ತಂದೆಯೇ. ಆ ಪಾತ್ರವನ್ನೂ ರಜನಿಕಾಂತ್ ಅವರೇ ವಹಿಸಿದ್ದಾರೆ. ಹೀಗಾಗಿ ಹಣದ ಲೆಕ್ಕಕ್ಕೆ ಹೆತ್ತವರ ಋಣದ ಲೆಕ್ಕ ಸೇರಿಕೊಂಡು, ಕಣ್ಣೀರಿಗೂ ಹಾಡಿಗೂ ಹೊಡೆದಾಟಕ್ಕೂ ಜಾಗ ದೊರೆಯಿತು. ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ ಕಂಡಕ್ಟರಾಗಿ ಚಿಲ್ಲರೆ ಎಣಿಸಿದ್ದವರು ತೆರೆಯ ಮೇಲೆ ದಿನಕ್ಕೊಂದು ಕೋಟಿ ಚೆಲ್ಲುವುದನ್ನು ನಮ್ಮ ಊರಿನ ಪ್ರೇಕ್ಷಕರು ಬೇರೆಯೇ ಸಲುಗೆಯಿಂದ ನೋಡಿದ್ದರೆ ಆಶ್ಚರ್ಯವಿಲ್ಲ. ನಾಯಕಿಯಾಗಿದ್ದ ಸೌಂದರ್ಯ ಕೂಡ ಮುಳಬಾಗಿಲಿನ ಕಡೆಯವರೇ. ಆದರೂ ಹಾಸ್ಯದ ಬಿಗಿಯ ವಿಷಯದಲ್ಲಿ ಅಮೆರಿಕನ್ ಚಿತ್ರಕ್ಕೇ ನಮ್ಮ ಮತ. ತಂದೆಯ ಮೇಲಿನ ಭಕ್ತಿ ಬಂದ ಕೂಡಲೇ ಷರತ್ತು ಪವಿತ್ರವಾಗಿಬಿಡುತ್ತದೆ, ಪವಿತ್ರವಾದ ಷರತ್ತನ್ನು ಕಂಡು ನಗುವುದು ಕಷ್ಟ.

ಪ್ರಶ್ನೆ: ಮಕ್ಕಳೊಂದಿಗೆ ನೋಡಬಹುದೇ? (ಶಿರಸಿ)

ಉತ್ತರ: ಹತ್ತು ದಾಟಿದ ಮಕ್ಕಳೊಂದಿಗೆ ಧಾರಾಳವಾಗಿ ನೋಡಬಹುದು. ಅಮೆರಿಕದಲ್ಲಿ ಅದಕ್ಕೆ ‘ಪಿಜಿ’, ಅಂದರೆ ಹಿರಿಯರು ಜೊತೆಗಿದ್ದು ತೋರಿಸಬಹುದಾದದ್ದು ಎಂಬ ದರ್ಜೆ ಸಿಕ್ಕಿತ್ತು. ಮದ್ಯದಂಗಡಿಯ ಜಗಳ, ಅಲ್ಲಲ್ಲಿ ಒರಟು ಮಾತು ಇವೆ.

ಪ್ರಶ್ನೆ: ರಿಚರ್ಡ್ ಪ್ರಯರ್ ಅಮೆರಿಕದ ಮಹಾ ಹಾಸ್ಯಗಾರರೆಂದು ಕೇಳಿ ನೋಡಿದೆ. ಇದರಲ್ಲಿ ಅಂಥದ್ದೇನೂ ಕಾಣಲಿಲ್ಲ. ನಾನು ತಪ್ಪಿಸಿಕೊಂಡದ್ದೇನು? (ಕಲಬುರಗಿ)

ಉತ್ತರ: ನೀವು ತಪ್ಪಿಸಿಕೊಂಡದ್ದು ಅವರ ವೇದಿಕೆಯ ಹಾಸ್ಯವನ್ನು. ಜನಾಂಗ, ಬಡತನ, ತನ್ನದೇ ಚಟಗಳು, ತನ್ನದೇ ಅವಮಾನಗಳು, ಇವನ್ನೆಲ್ಲ ಮುಚ್ಚುಮರೆಯಿಲ್ಲದ ಭಾಷೆಯಲ್ಲಿ ಹೇಳಿ ನಗಿಸಿದ ಪ್ರಯರ್ ಈ ಚಿತ್ರದಲ್ಲಿ ಬ್ರೂಸ್ಟರನಾಗಿ ಬಹುಮಟ್ಟಿಗೆ ಬಾಯಿಕಟ್ಟಿದವರಂತಿದ್ದಾರೆ. ಕೋಡಂಗಿತನವನ್ನೆಲ್ಲ ಸುತ್ತಲಿನವರಿಗೆ, ಮುಖ್ಯವಾಗಿ ಸ್ಪೈಕ್ ಆಗಿರುವ ಜಾನ್ ಕ್ಯಾಂಡಿಗೆ ಬಿಟ್ಟುಕೊಟ್ಟು, ಇವರು ಕಂಗಾಲಾದ ಮುಖ ಹೊತ್ತು ನಿಲ್ಲುತ್ತಾರೆ. ನಿರ್ದೇಶಕ ವಾಲ್ಟರ್ ಹಿಲ್ ‘ದ ವಾರಿಯರ್ಸ್’, ‘48 ಅವರ್ಸ್’ನಂಥ ಹೊಡೆದಾಟದ ಚಿತ್ರಗಳಿಗೆ ಹೆಸರಾದವರು; ಹಾಸ್ಯದ ದೃಶ್ಯವನ್ನು ತುಸು ಆರಾಮವಾಗಿ ಬೆಳೆಯಲು ಬಿಡುವ ತಾಳ್ಮೆ ಅವರಿಗಿಲ್ಲವೆಂಬುದು ನಡುವಿನ ಭಾಗದಲ್ಲಿ ಎದ್ದು ಕಾಣುತ್ತದೆ. ಚಿತ್ರಕಥೆ ಬರೆದ ಹರ್ಷೆಲ್ ವೈನ್‌ಗ್ರಾಡ್ ಮತ್ತು ತಿಮೊಥಿ ಹ್ಯಾರಿಸ್ ಅವರೇ ಎರಡು ವರ್ಷ ಮೊದಲು ‘ಟ್ರೇಡಿಂಗ್ ಪ್ಲೇಸಸ್’ ಬರೆದಿದ್ದರು. ಸಿರಿತನವನ್ನೂ ಬಡತನವನ್ನೂ ಅದಲುಬದಲು ಮಾಡುವ ಆ ಚಿತ್ರದಲ್ಲಿರುವ ಹರಿತ ಇಲ್ಲಿಲ್ಲವೆನ್ನುವುದನ್ನು ಒಪ್ಪುತ್ತೇವೆ.

ಆದರೆ ಪ್ರಯರ್ ಆ ಪಾತ್ರದಲ್ಲಿರುವುದಕ್ಕೇ ಒಂದು ತೂಕವಿದೆ. 1945ರ ಚಿತ್ರದಲ್ಲಿ ಎಡ್ಡಿ ಆಂಡರ್ಸನ್ ಎಂಬ ಕಪ್ಪು ನಟ ನಾಯಕನ ಮನೆಯ ಸೇವಕನ ಪಾತ್ರ ಮಾಡಿದ್ದರು. ಆ ಸೇವಕ ಬಿಳಿಯರೊಡನೆ ವಿಪರೀತ ಸಲುಗೆಯಿಂದ ವರ್ತಿಸುತ್ತಾನೆಂಬ ಕಾರಣಕ್ಕೆ ಟೆನೆಸಿಯ ಮೆಂಫಿಸ್ ನಗರದ ಸೆನ್ಸಾರ್ ಮಂಡಳಿ ಚಿತ್ರವನ್ನೇ ನಿಷೇಧಿಸಿತು. ಮಂಡಳಿಯ ಮುಖ್ಯಸ್ಥರಾಗಿದ್ದವರು ಲಾಯ್ಡ್ ಬಿನ್‌ಫೋರ್ಡ್. ನಲವತ್ತು ವರ್ಷಗಳ ಬಳಿಕ ಅದೇ ಕಥೆಯಲ್ಲಿ ಕಪ್ಪು ನಟ ಬ್ರೂಸ್ಟರನೇ ಆಗಿ, ಬಿಳಿಯ ಹಿರಿಯನೊಬ್ಬ (ಹ್ಯೂಮ್ ಕ್ರೋನಿನ್) ಪರದೆಯ ಮೇಲಿಂದ ಇವನನ್ನೇ ತನ್ನ ಉಳಿದ ಏಕೈಕ ಬಂಧುವೆಂದು ಕರೆಯುತ್ತಾನೆ. ಚಿತ್ರ ಅದನ್ನು ಒಂದು ನಗೆಯಲ್ಲಿ ದಾಟಿಸಿಬಿಡುತ್ತದೆ. ವೇದಿಕೆಯ ಮೇಲಾಗಿದ್ದರೆ ಪ್ರಯರ್ ಅದೊಂದನ್ನೇ ಹಿಡಿದು ಅರ್ಧ ಗಂಟೆ ನಗಿಸುತ್ತಿದ್ದರು.

ಪ್ರಶ್ನೆ: ಭಾರತದಲ್ಲಿ ಇಂಥ ಉಯಿಲು ಬರೆದರೆ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ? (ತುಮಕೂರು)

ಉತ್ತರ: ಷರತ್ತಿನ ಮೇಲೆ ಆಸ್ತಿ ಕೊಡುವುದಕ್ಕೆ ನಮ್ಮ ಕಾನೂನಿನಲ್ಲಿ ಅಡ್ಡಿಯಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ, ನೆರವೇರಿಸಲಾಗದ ಷರತ್ತು ಮತ್ತು ಕಾನೂನಿಗೆ ಇಲ್ಲವೇ ನೀತಿಗೆ ವಿರುದ್ಧವಾದ ಷರತ್ತು ಇರುವ ಉಯಿಲಿನ ಕೊಡುಗೆಯನ್ನು ಅನೂರ್ಜಿತವೆನ್ನುತ್ತದೆ. ಆ ಅಧಿನಿಯಮ ತಾನೇ ಕೊಡುವ ದೃಷ್ಟಾಂತಗಳು ಬ್ರೂಸ್ಟರನ ಕಥೆಗೆ ಏನೂ ಕಡಿಮೆಯಿಲ್ಲ: ಒಂದು ಗಂಟೆಯಲ್ಲಿ ನೂರು ಮೈಲಿ ನಡೆದರೆ ಜಮೀನು ಕೊಡುವೆನೆಂಬ ಉಯಿಲು ಒಂದು, ಇಂಥವನನ್ನು ಕೊಂದರೆ 500 ರೂಪಾಯಿ ಎಂಬ ಉಯಿಲು ಇನ್ನೊಂದು, ಎರಡೂ ನಡೆಯವು. ಮೂವತ್ತು ದಿನಗಳಲ್ಲಿ ಮೂವತ್ತು ಕೋಟಿ ಖರ್ಚು ಮಾಡುವುದು ಅಸಾಧ್ಯವೂ ಅಲ್ಲ, ಅಪರಾಧವೂ ಅಲ್ಲ, ಆದ್ದರಿಂದ ಆ ಎರಡು ಕಾರಣಗಳಿಂದ ಅದು ಬೀಳುವುದಿಲ್ಲವೆಂದು ನಮ್ಮ ಅಭಿಪ್ರಾಯ. ಬರೆಯುವವನು ತನ್ನ ಸ್ವಂತ ಹಕ್ಕಿನಲ್ಲಿರುವ ಆಸ್ತಿಯನ್ನಷ್ಟೇ ಬರೆಯಬಹುದು ಎಂಬುದಂತೂ ಇದ್ದೇ ಇದೆ. ಮುಸ್ಲಿಮರ ವಿಷಯದಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೆಯಲು ಬರುವುದಿಲ್ಲ.

ನ್ಯಾಯಾಲಯ ಹುಬ್ಬೇರಿಸಬಹುದಾದದ್ದು ಬೇರೆ ಕಡೆ. ಚಿತ್ರದಲ್ಲಿ ಬ್ರೂಸ್ಟರ್ ಸೋತರೆ ಉಳಿದ ಆಸ್ತಿಯ ಮೇಲ್ವಿಚಾರಣೆಯೂ ಅದರ ಶುಲ್ಕವೂ ವಕೀಲರ ಸಂಸ್ಥೆಗೇ ಸೇರುತ್ತವೆ, ಗೆದ್ದನೋ ಸೋತನೋ ಎಂದು ಹೇಳುವವರೂ ಅವರೇ. ಪಂದ್ಯದಲ್ಲಿ ಪಾಲಿರುವವನನ್ನೇ ತೀರ್ಪುಗಾರನಾಗಿ ಕೂರಿಸಿದ ಉಯಿಲಿಗೆ ಯಾವ ದೇಶದಲ್ಲೂ ತಕರಾರು ತಪ್ಪದು.

ಪ್ರಶ್ನೆ: ಬ್ರೂಸ್ಟರ್ ತೆರಿಗೆ ಕಟ್ಟುವುದೇ ಇಲ್ಲವಲ್ಲ? ತೆರಿಗೆಯಲ್ಲೇ ಅರ್ಧ ಹಣ ಹೋಗುತ್ತಿರಲಿಲ್ಲವೇ? (ದಾವಣಗೆರೆ)

ಉತ್ತರ: ಅಮೆರಿಕದಲ್ಲಿ ಆಗ ಅತಿ ದೊಡ್ಡ ಮೃತರ ಆಸ್ತಿಗಳ ಮೇಲೆ ಗರಿಷ್ಠ ಶೇಕಡಾ 55ರ ಒಕ್ಕೂಟ ತೆರಿಗೆ ಇತ್ತು, ಅದನ್ನು ತೆರಬೇಕಾದದ್ದು ಸತ್ತವನ ಆಸ್ತಿಯೇ ಹೊರತು ಪಡೆದವನ ಕೈಯ ದುಡ್ಡಲ್ಲ. ಆದ್ದರಿಂದ ತೆರಿಗೆ ಕಟ್ಟಿ 3 ಕೋಟಿಯನ್ನು ಕರಗಿಸುವ ಉಪಾಯ ಅವನಿಗಿರಲಿಲ್ಲ. ಭಾರತದಲ್ಲಿಯೂ ಒಮ್ಮೆ ಶೇಕಡಾ 85ರವರೆಗೆ ಏರಿದ್ದ ಎಸ್ಟೇಟ್ ಸುಂಕವನ್ನು ವಿ. ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ ರದ್ದುಮಾಡಿದರು. ಅದು ಚಿತ್ರ ಬಿಡುಗಡೆಯಾದ 1985ರಲ್ಲೇ.

ಪ್ರಶ್ನೆ: ಚುನಾವಣೆಗೆ ನಿಂತು ಹಣ ಕರಗಿಸುವ ಅವನ ಉಪಾಯ ನಮ್ಮಲ್ಲಾಗಿದ್ದರೆ ಇನ್ನೂ ಸುಲಭವಾಗುತ್ತಿರಲಿಲ್ಲವೇ? (ಮಂಡ್ಯ)

ಉತ್ತರ: ರಸೀದಿ ಬೇಕೆಂಬ ಷರತ್ತನ್ನು ನೀವು ಮರೆತಿರಿ. 2022ರಲ್ಲಿ ನಿಗದಿಯಾದ ಮಿತಿಯಂತೆ ಕರ್ನಾಟಕದಲ್ಲಿ ಅಭ್ಯರ್ಥಿ ತೋರಿಸಬಹುದಾದ ವೆಚ್ಚ ವಿಧಾನಸಭೆಗೆ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ ರೂಪಾಯಿ. ಅದರಾಚೆಯ ಖರ್ಚಿಗೆ ರಸೀದಿ ಎಲ್ಲಿಂದ ಬರಬೇಕು?

ಚಿತ್ರದಲ್ಲಿ ಈ ಭಾಗ ಸೊಗಸಾಗಿದೆ. ನ್ಯೂಯಾರ್ಕಿನ ಮೇಯರ್ ಸ್ಥಾನಕ್ಕೆ ನಿಂತ ಇಬ್ಬರೂ ಯೋಗ್ಯರಲ್ಲ, ಮೂರನೆಯವನಾದ ತನಗೂ ಬೇಡ, ಮೇಲಿನ ಯಾರಿಗೂ ಬೇಡವೆಂದು ಮತ ಹಾಕಿ ಎಂದು ಬ್ರೂಸ್ಟರ್ ಕೋಟ್ಯಂತರ ಸುರಿದು ಪ್ರಚಾರ ಮಾಡುತ್ತಾನೆ. ಅಭ್ಯರ್ಥಿಗಳು ಹೂಡಿದ ಮೊಕದ್ದಮೆಯನ್ನು ಇನ್ನಷ್ಟು ಹಣ ತೆತ್ತು ಇತ್ಯರ್ಥ ಮಾಡಿಕೊಂಡು ಖುಷಿಪಡುತ್ತಾನೆ. ಜನ ಮಾತ್ರ ಇವನಂಥ ಪ್ರಾಮಾಣಿಕನಿಲ್ಲವೆಂದು ಇವನನ್ನೇ ಗೆಲ್ಲಿಸಲು ಹೊರಡುತ್ತಾರೆ. ಮೇಯರ್ ಹುದ್ದೆಗೆ ವರ್ಷಕ್ಕೆ 60,000 ಡಾಲರ್ ಸಂಬಳವಿದೆ, ಅದೂ ಆಸ್ತಿಯ ಲೆಕ್ಕಕ್ಕೆ ಬರುತ್ತದೆ ಎಂದು ತಿಳಿದ ಕೂಡಲೇ ಅವನು ಎದ್ದುಬಿದ್ದು ಹಿಂದೆ ಸರಿಯುತ್ತಾನೆ. ನಮ್ಮ ಮತಯಂತ್ರದಲ್ಲಿ ‘ನೋಟಾ’ ಗುಂಡಿ ಬಂದದ್ದು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2013ರಲ್ಲಿ, ಅಂದರೆ ಬ್ರೂಸ್ಟರ್ ಕೇಳಿದ 28 ವರ್ಷಗಳ ನಂತರ.

ಪ್ರಶ್ನೆ: ಕೊನೆಯ 20,000 ಡಾಲರಿನ ವಿಷಯ ತೀರಾ ಅವಸರವಾಯಿತು. ಬ್ರೂಸ್ಟರ್ ಗೆದ್ದದ್ದು ನ್ಯಾಯವಾಗಿಯೇ? (ಶಿವಮೊಗ್ಗ)

ಉತ್ತರ: ಅವಸರವಾದದ್ದು ನಿಜ. ಸಂಸ್ಥೆಯ ಕಿರಿಯ ವಕೀಲ ವಾರನ್ ಕಾಕ್ಸ್ (ಸ್ಟೀಫನ್ ಕಾಲಿನ್ಸ್), ಬ್ರೂಸ್ಟರನನ್ನು ಸೋಲಿಸಲೆಂದೇ 20,000 ಡಾಲರನ್ನು ಲೆಕ್ಕಕ್ಕೆ ಬಾರದಂತೆ ಮುಚ್ಚಿಟ್ಟಿದ್ದು, ಗಡುವಿಗೆ ಕೆಲವೇ ಕ್ಷಣಗಳಿರುವಾಗ ಹೊರತೆಗೆಯುತ್ತಾನೆ. ಬ್ರೂಸ್ಟರ್ ಅವನಿಗೆ ಗುದ್ದುತ್ತಾನೆ, ಅವನು ದಾವೆ ಹೂಡುವೆನೆನ್ನುತ್ತಾನೆ, ದಾವೆ ಎದುರಿಸಲು ವಕೀಲರು ಬೇಕಾದ್ದರಿಂದ ಏಂಜೆಲಾ ಡ್ರೇಕಳನ್ನು ನೇಮಿಸಿಕೊಂಡು ಆ 20,000 ಡಾಲರನ್ನು ಮುಂಗಡ ಶುಲ್ಕವಾಗಿ ಕೊಟ್ಟು ರಸೀದಿ ಪಡೆಯುತ್ತಾನೆ.

ಷರತ್ತಿನ ಅಕ್ಷರಕ್ಕೆ ಇದು ಸರಿಹೊಂದುತ್ತದೆ: ಕೊಟ್ಟದ್ದಕ್ಕೆ ಕೆಲಸವಿದೆ, ಕೈಯಲ್ಲಿ ವಸ್ತುವಿಲ್ಲ, ರಸೀದಿ ಇದೆ. ಕಾಡುವುದು ಇನ್ನೊಂದು. ಏಂಜೆಲಾ ಅಲ್ಲಿಯವರೆಗೆ ಅದೇ ಸಂಸ್ಥೆಯ ಪರವಾಗಿ ಲೆಕ್ಕವಿಟ್ಟವಳು. ಅವಳೇ ಈ ಕ್ಷಣದಲ್ಲಿ ಸಂಸ್ಥೆಯ ವಕೀಲನ ವಿರುದ್ಧ ಶುಲ್ಕ ಪಡೆಯುವುದು ವೃತ್ತಿಧರ್ಮಕ್ಕೆ ಒಪ್ಪುತ್ತದೆಯೇ? ಮೊದಲು ಮೋಸ ಮಾಡಿದ್ದು ಕಾಕ್ಸ್ ಆದ್ದರಿಂದ ಪ್ರೇಕ್ಷಕರು ಅದನ್ನು ಮನ್ನಿಸುತ್ತಾರೆ, ನಾವೂ ಮನ್ನಿಸಿದ್ದೇವೆ. ನಮ್ಮ ಆಕ್ಷೇಪಣೆ ಚಿತ್ರ ಅಲ್ಲಿಗೇ ಮುಗಿದುಹೋಗುವುದಕ್ಕೆ. ಮೂವತ್ತು ದಿನ ಹಣದ ಹಿಂದೆ ಓಡಿ ಸುಸ್ತಾದವನು ಅದರ ಹತ್ತು ಪಟ್ಟು ಬಂದ ಮೇಲೆ ಏನು ಮಾಡಿದ, ಮುದುಕ ಬಯಸಿದ ವಾಕರಿಕೆ ಬಂತೇ ಇಲ್ಲವೇ ಎಂಬುದನ್ನು ತೋರಿಸುವ ಒಂದು ದೃಶ್ಯಕ್ಕಾದರೂ ಜಾಗವಿತ್ತು.

ಪ್ರಶ್ನೆ: ಒಂದನ್ನೇ ನೋಡುವುದಾದರೆ ಯಾವುದನ್ನು ನೋಡಬೇಕು? (ವಿಜಯಪುರ)

ಉತ್ತರ: ಮಕ್ಕಳಿದ್ದರೆ 1985ರದನ್ನು, ಹಿರಿಯರೇ ಇದ್ದರೆ ಅಲನ್ ಡ್ವಾನ್ ನಿರ್ದೇಶಿಸಿದ 1945ರ ಕಪ್ಪುಬಿಳುಪಿನದನ್ನು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕ ಎರಡು ತಿಂಗಳಲ್ಲಿ 10 ಲಕ್ಷ ಡಾಲರ್ ಮುಗಿಸಬೇಕಾದ ಆ ಚಿತ್ರದಲ್ಲಿ ಬಾಗಿಲುಗಳು ತೆರೆದು ಮುಚ್ಚುವ ವೇಗಕ್ಕೆ ಮಾತುಗಳೂ ಓಡುತ್ತವೆ, ಪಾಠ ಹೇಳುವ ಮುದುಕ ಅದರಲ್ಲಿಲ್ಲ. 1914, 1921 ಮತ್ತು 1926ರ ಮೂಕಿ ಚಿತ್ರಗಳನ್ನು ಕೇಳಿ ಬರೆದವರಿಗೆ: ಆ ಮೂರೂ ಕಳೆದುಹೋಗಿವೆ, ಪ್ರತಿಗಳು ಉಳಿದಿಲ್ಲ.